ಎರಡು ಧ್ವಜಗಳ ಹಡಗು: ‘ಇಂಪ್ಲೇಕಬಲ್’ ಚರಿತ್ರೆಯ ವಿಮರ್ಶೆ

ಆಂಗ್ಲ ನೌಕಾಚರಿತ್ರೆಯಲ್ಲಿ ‘ಇಂಪ್ಲೇಕಬಲ್’ ಎಂಬ ಹಾಯಿಹಡಗಿಗೆ ಸಾಮಾನ್ಯವಾಗಿ ಸಲ್ಲುವ ವಿಶೇಷಣ ಒಂದೇ: ಟ್ರಫಾಲ್ಗರ್ ಕದನದ ಅವಶೇಷ. ಇದು ಅಸತ್ಯವಲ್ಲ, ಆದರೆ ತೋರಿಸುವುದಕ್ಕಿಂತ ಹೆಚ್ಚನ್ನು ಮರೆಮಾಡುತ್ತದೆಂದು ನಮ್ಮ ಅಭಿಪ್ರಾಯ.

1800ರಲ್ಲಿ ಫ್ರಾನ್ಸಿನ ರೋಷ್ಫೋರಿನಲ್ಲಿ ನೀರಿಗಿಳಿದಾಗ 74 ಫಿರಂಗಿಗಳ ಈ ಹಡಗಿನ ಹೆಸರು ‘ದುಗ್ವೇ-ತ್ರುವ್ಯಾಂ’. ಅದು 1711ರಲ್ಲಿ ರಿಯೊ ಡಿ ಜನೈರೊವನ್ನು ವಶಪಡಿಸಿಕೊಂಡ, ಶತ್ರುಗಳ ಹಡಗುಗಳನ್ನು ಸೆರೆಹಿಡಿಯುವುದರಲ್ಲಿಯೇ ಕೀರ್ತಿವಂತನಾದ ನಾವಿಕನ ಹೆಸರು! 1805ರ ಅಕ್ಟೋಬರ್ 21ರಂದು ಈ ಹಡಗು ಟ್ರಫಾಲ್ಗರಿನಲ್ಲಿ ಇದ್ದುದು ನಿಜ. ಆದರೆ ನೆಲ್ಸನ್ನನ ಎದುರು ಪಕ್ಷದಲ್ಲಿ, ಡುಮನ್ವಾರನ ಮುಂಚೂಣಿಯಲ್ಲಿ. ಆ ಪಡೆ ತಡವಾಗಿ ತಿರುಗಿತು, ಅಲ್ಪವಾಗಿ ಕಾದಿತು, ಅದರಲ್ಲಿ ನಾಲ್ಕು ಹಡಗುಗಳು ಪಾರಾದುವು. ಅದಕ್ಕೆ ಎದುರಾದ ಆಂಗ್ಲರ ‘ಸ್ಪಾರ್ಷಿಯೇಟ್’ ಸ್ವತಃ 1798ರ ನೈಲ್ ಕದನದಲ್ಲಿ ಫ್ರೆಂಚರಿಂದ ಕಸಿದುಕೊಂಡದ್ದು. ದುಗ್ವೇ-ತ್ರುವ್ಯಾಂ ಅಂದು ತನ್ನ ಭವಿಷ್ಯವನ್ನೇ ಎದುರಿಗೆ ಕಂಡಿತೆನ್ನಬಹುದು. ಹದಿನಾಲ್ಕು ದಿನಗಳ ತರುವಾಯ, ನವೆಂಬರ್ 4ರಂದು, ಸ್ಪೇನಿನ ಓರ್ತೆಗಾಲ್ ಭೂಶಿರದ ಬಳಿ ಸ್ಟ್ರಾಚನ್ನನು ಆ ನಾಲ್ಕನ್ನೂ ಹಿಡಿದನು. ದುಗ್ವೇ-ತ್ರುವ್ಯಾಂ ಹಡಗಿನ ನಾಯಕ ತೂಫೆ ಅಲ್ಲಿಯೇ ಮಡಿದನು. ಫ್ರೆಂಚ್ ಧ್ವಜದಡಿಯಲ್ಲಿ ಈ ಹಡಗು ಮಾಡಿದ ನಿಜವಾದ ಹೋರಾಟ ಇದೇ; ಟ್ರಫಾಲ್ಗರ್ ಅಲ್ಲ.

ಆಮೇಲಿನದು ಬ್ರಿಟಿಷ್ ಸೇವೆ. 1808ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿನ ಪಕ್ಷದಲ್ಲಿ ನಿಂತು, ಬೈಯಮ್ ಮಾರ್ಟಿನ್ನನ ನಾಯಕತ್ವದಲ್ಲಿ, ರಷ್ಯದ ‘ವ್ಸೆವೊಲೊದ್’ ಹಡಗನ್ನು ಎದುರಿಸಿ ಸೋಲಿಸಿತು. 1840ರಲ್ಲಿ ಸಿರಿಯಾ ತೀರದಲ್ಲಿತ್ತು. 1855ರಿಂದ ಡೆವನ್‌ಪೋರ್ಟಿನಲ್ಲಿ ಹುಡುಗರಿಗೆ ತರಬೇತಿಯ ಹಡಗಾಯಿತು. ಫ್ರೆಂಚ್ ಕಣ್ಣಿನಲ್ಲಿ ಇದರ ಕಥೆ 1805ಕ್ಕೇ ಮುಗಿಯುತ್ತದೆ. ಆಂಗ್ಲರ ಕಥೆ ಅಲ್ಲಿಂದಲೇ ಆರಂಭವಾಗಿದ್ದರೂ ಶತ್ರುಪಕ್ಷದಲ್ಲಿದ್ದ ಎರಡು ವಾರಗಳ ಹಿಂದಿನ ಕೀರ್ತಿಯನ್ನು ಎರವಲು ಪಡೆಯುತ್ತದೆ. ಬಾಲ್ಟಿಕ್ ಕದನ ಎರವಲಲ್ಲದ ಸ್ವಂತ ಸಾಧನೆಯಾಗಿದ್ದರೂ ಅದರ ಹೆಸರನ್ನು ಎತ್ತುವವರು ವಿರಳ.

ಎರಡನೆಯ ಮಹಾಯುದ್ಧದ ಬಳಿಕ ದುರಸ್ತಿಗೆ ಹಣವಿಲ್ಲವಾಯಿತು. ಫ್ರಾನ್ಸಿಗೆ ಕೊಡಮಾಡಿದಾಗ ಅದೂ ಒಲ್ಲೆನೆಂದಿತು. ಗ್ರೀನಿಚ್ ನೌಕಾ ವಸ್ತುಸಂಗ್ರಹಾಲಯದ ನಿರ್ದೇಶಕ ಫ್ರಾಂಕ್ ಕಾರ್ ಅವರ ಪ್ರಯತ್ನವೂ ಫಲಿಸಲಿಲ್ಲ. 1949ರ ಡಿಸೆಂಬರ್ 2ರಂದು ಎರಡು ರಾಷ್ಟ್ರಗಳ ಧ್ವಜಗಳನ್ನೂ ಏರಿಸಿ, ಇಂಗ್ಲಿಷ್ ಕಾಲುವೆಯಲ್ಲಿ ಸಿಡಿಮದ್ದಿನಿಂದ ಅದನ್ನು ಮುಳುಗಿಸಿದರು. ನೂರೈವತ್ತು ವರ್ಷಗಳ ಸೇವೆಗೆ ದೊರೆತ ಈ ಜಂಟಿ ಗೌರವ ಅಗ್ಗದ್ದೆಂದೇ ಹೇಳಬೇಕು; ಉಳಿಸುವ ಖರ್ಚನ್ನು ಇಬ್ಬರೂ ಹೊರದೆ, ಮುಳುಗಿಸುವ ವಿಧಿಯಲ್ಲಿ ಮಾತ್ರ ಇಬ್ಬರ ಧ್ವಜಗಳೂ ಹಾರಿದುವು. ಹಡಗಿನ ತಳ ಒಡೆದರೂ ಮೇಲ್ಭಾಗ ಕೂಡಲೇ ಮುಳುಗಲಿಲ್ಲ. ಅದರ ಹಿಂಬದಿಯ ಕೆತ್ತನೆಯೂ ಮುಂಗೋಟಿನ ವಿಗ್ರಹವೂ ಗ್ರೀನಿಚ್ಚಿನಲ್ಲಿ ಇಂದಿಗೂ ಇವೆ.