ಕೆರಗೋಡಿನ ಮಕ್ಕಳಿಗೆ ಸರ್ಕಾರಿ ಶಾಲೆ ಏನು ಕೊಡುತ್ತಿದೆ?

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯ ಯಾವುದಾದರೂ ಹಳ್ಳಿಯಲ್ಲಿ ಸರ್ಕಾರಿ ಶಾಲೆಗೆ ಸೇರುವ ಮಗುವಿಗೆ ಇವತ್ತು ಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಎಲ್ಲವೂ ಉಚಿತ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇಷ್ಟಿದ್ದರೂ ಅದೇ ಹಳ್ಳಿಗೆ ಕಾನ್ವೆಂಟಿನ ವ್ಯಾನು ಬರುತ್ತದೆ, ಕೂಲಿ ಮಾಡುವವರೂ ಸಾಲ ಮಾಡಿ ಮಕ್ಕಳನ್ನು ಹತ್ತಿಸುತ್ತಾರೆ. ಇದನ್ನು ಇಂಗ್ಲಿಷಿನ ಮೋಹ ಎಂದು ತಳ್ಳಿಹಾಕುವುದು ಸುಲಭ. ಮೋಹ ಇರುವುದೂ ನಿಜವೇ. ಆದರೆ ಸರ್ಕಾರಿ ಶಾಲೆಯ ಯೋಜನೆಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೆ ಕಾರಣವೂ ಕಾಣುತ್ತದೆ. ಮಗುವಿನ ಕೈಗೆ ದಿನದಿನವೂ ಬಂದು ಸೇರುವಂಥವು ಚೆನ್ನಾಗಿ ನಡೆಯುತ್ತಿವೆ. ಮೇಷ್ಟ್ರ ಸಮಯವನ್ನು ನಂಬಿಕೊಂಡಂಥವು ಸೊರಗಿವೆ.

ಚೆನ್ನಾಗಿರುವುದನ್ನು ಮೊದಲು ಹೇಳಬೇಕು. ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಅದರ ಮೇಲಿನವರಿಗೆ 150 ಗ್ರಾಂ, ಬೇಳೆ, ತರಕಾರಿ, ಎಣ್ಣೆ ಎಲ್ಲಕ್ಕೂ ಅಳತೆ ಗೊತ್ತುಮಾಡಿದ ವ್ಯವಸ್ಥೆ ಇದು. ಅದು ಎರಡು ದಶಕ ದಾಟಿಯೂ ನಿಂತಿರುವುದು ಅಳತೆಯ ಬಲದಿಂದಲ್ಲ, ಅಡುಗೆ ಮಾಡುವ ಹೆಂಗಸರಿಂದ. ಅವರು ಅದೇ ಊರಿನವರು. ಸಾಂಬಾರು ನೀರಾದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಬಡಿಸುವಾಗ ಯಾವ ಮಗು ಎರಡನೇ ಸಲ ತಟ್ಟೆ ಚಾಚುತ್ತದೆ, ಯಾವುದು ನಾಚಿ ಕೂರುತ್ತದೆ ಎನ್ನುವುದು ಅವರಿಗೆ ತಿಳಿದಿರುತ್ತದೆ. ಇಂಥವರಿಗೆ ಸರ್ಕಾರ ಕೊಡುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದು ಗೌರವಧನ. 2025ರ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಏರಿಸಿದ ಮೇಲೂ ತಿಂಗಳಿಗೆ ಐದು ಸಾವಿರ ಮುಟ್ಟಲಿಲ್ಲ. ಇಡೀ ಇಲಾಖೆಯಲ್ಲಿ ಅತ್ಯಂತ ಯಶಸ್ವಿ ಕೆಲಸ ಮಾಡುತ್ತಿರುವವರಿಗೇ ಅತ್ಯಂತ ಕಡಿಮೆ ಹಣ ಎಂಬುದು ನಾಚಿಕೆಯ ಸಂಗತಿ.

ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯವೂ ಅಷ್ಟೇ ಗಟ್ಟಿಯಾದ ಯೋಜನೆ. 2013ರ ಆಗಸ್ಟ್ 1ರಂದು ಅದು ಆರಂಭವಾದಾಗ ಹಾಲು ಒಕ್ಕೂಟಗಳು ಹೆಚ್ಚಾದ ಹಾಲನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದವು. ಆ ಹಾಲು ಪುಡಿಯಾಗಿ ಶಾಲೆಗೆ ಬಂತು. 18 ಗ್ರಾಂ ಪುಡಿ ಕದಡಿದರೆ 150 ಮಿಲಿಲೀಟರ್ ಹಾಲು. ಗೆಜ್ಜಲಗೆರೆಯಲ್ಲಿ ಜಿಲ್ಲಾ ಒಕ್ಕೂಟದ ಡೈರಿ ಇರುವ, ಊರೂರಿನಲ್ಲೂ ಬೆಳಗಿನ ಜಾವ ಕ್ಯಾನು ಹಿಡಿದು ಸಾಲು ನಿಲ್ಲುವ ಈ ಜಿಲ್ಲೆಯಲ್ಲಿ ಇದರ ಅರ್ಥ ದೊಡ್ಡದು. ಮನೆಯಲ್ಲಿ ಕರೆದ ಹಾಲನ್ನು ಕಾಸಿಗಾಗಿ ಪೂರ್ತಿ ಡೈರಿಗೆ ಹಾಕುವ ಅಮ್ಮನ ಮಗುವಿಗೂ ಒಂದು ಲೋಟ ಹಾಲು ಸಿಗುವುದು ಶಾಲೆಯಲ್ಲಿ. 2024ರಿಂದ ಅದೇ ಹಾಲಿಗೆ ರಾಗಿಯ ಮಿಶ್ರಣವೂ ಬೆರೆಯುತ್ತಿದೆ. ರಾಗಿ ಮುದ್ದೆಯ ನಾಡಿಗೆ ಈ ಬುದ್ಧಿ ಬಹಳ ಮುಂಚೆಯೇ ಬರಬೇಕಿತ್ತು.

ಮೊಟ್ಟೆಯ ವಿಷಯ ಇಷ್ಟು ಸಲೀಸಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ 2024ರಲ್ಲಿ ಅದು ವಾರದ ಆರು ದಿನಕ್ಕೂ ವಿಸ್ತರಿಸಿತು. 2025ರಲ್ಲಿ ಮಂಡ್ಯ ತಾಲ್ಲೂಕಿನದೇ ಆಲಕೆರೆಯಲ್ಲಿ, ವೀರಭದ್ರೇಶ್ವರ ದೇವಸ್ಥಾನದ ಪಕ್ಕದ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದೆಂದು ಪೋಷಕರು ಪಟ್ಟು ಹಿಡಿದರು, ಹಲವರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಮೊಟ್ಟೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮನೆಯಲ್ಲಿ ಮೊಟ್ಟೆ ಕೊಂಡು ತಿನ್ನಲಾಗದ ಮಗುವಿನ ಹಕ್ಕು ಊರಿನ ಬಲಿಷ್ಠರ ಒಪ್ಪಿಗೆಗೆ ಕಾಯಬಾರದು. ಆದರೆ ಮಾತು ಅಲ್ಲಿಯವರೆಗೆ ಬೆಳೆಯುವ ಮೊದಲೇ ಕೂತು ತೀರ್ಮಾನಿಸಬೇಕಾದ ಜಾಗ ಒಂದಿದೆ, ಅದು 2001ರಿಂದ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಪೋಷಕರೇ ಸದಸ್ಯರಾಗಿರುವ ಈ ಸಮಿತಿ ಎಷ್ಟೋ ಕಡೆ ಸಹಿಗೆ, ಸ್ವಾತಂತ್ರ್ಯ ದಿನದ ವೇದಿಕೆಗೆ ಮಾತ್ರ ಉಳಿದಿದೆ. ಮೇಲಿನಿಂದ ಆದೇಶ ಇಳಿಯುವಾಗ ಅದನ್ನು ಊರಿಗೆ ವಿವರಿಸುವವರಿಲ್ಲದೆ ಹೋದರೆ ಒಳ್ಳೆಯ ಆದೇಶವೂ ಜಗಳವಾಗುತ್ತದೆ.

ಇನ್ನು ಪಾಠ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ಹಬ್ಬಿದ ನಲಿ-ಕಲಿಗಿಂತ ಮಗುವನ್ನು ಹೆಚ್ಚು ಗೌರವಿಸಿದ ಪದ್ಧತಿ ನಮ್ಮಲ್ಲಿ ಬಂದಿಲ್ಲ. ಕೋಣೆಯ ಮೇಲೆ ದಾರ ಕಟ್ಟಿದ ಕಲಿಕಾ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಗೋಡೆಯಲ್ಲಿ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ಎಲ್ಲಿದೆ ಎಂದು ತಾನೇ ನೋಡಿ, ಆ ಗುರುತಿನ ಕಾರ್ಡು ಎತ್ತಿಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ವಾರ ಜ್ವರ ಬಂದು ಮಲಗಿದ್ದರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಆದರೆ ಇದಕ್ಕೆಲ್ಲ ಒಂದು ಷರತ್ತು. ಮೇಷ್ಟ್ರು ಅಥವಾ ಮಿಸ್ಸು ಆ ಚಾಪೆಯ ಮೇಲೆ ಮಕ್ಕಳ ಜೊತೆ ಇಡೀ ಹೊತ್ತು ಕೂತಿರಬೇಕು.

ಅವರು ಕೂತಿರಲು ಬಿಡುವವರಾರು? ಊಟ ಮಾಡಿದವರ ಲೆಕ್ಕ, ವಿದ್ಯಾರ್ಥಿಗಳ ವಿವರ ತುಂಬುವ ಎಸ್‌ಎಟಿಎಸ್‌ನ ದಾಖಲೆ, ಮತದಾರರ ಪಟ್ಟಿ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕೇಳಿದ ಮಾಹಿತಿ, ಎಲ್ಲವೂ ಅದೇ ಮೇಷ್ಟ್ರ ಮೊಬೈಲಿಗೆ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಸಮೀಕ್ಷೆ ಬೇಡವೆಂದಲ್ಲ. ಸರ್ಕಾರಕ್ಕೆ ತುರ್ತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಕನ್ನಡ ಶಾಲೆಯ ಮಗುವಿನ ಪಾಠಕ್ಕೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರ ಪಾಲಿಗೆ ಎಲ್ಲ ತರಗತಿಗಳೂ ಬರುತ್ತವೆ. ಆ ದಿನ ಕಲಿಕಾ ಏಣಿ ಗೋಡೆಯ ಚಿತ್ರವಾಗಿ ಉಳಿಯುತ್ತದೆ. ಪೋಷಕರು ಇದನ್ನು ನೋಡುತ್ತಾರೆ. ವ್ಯಾನಿಗೆ ಹತ್ತಿಸುವಾಗ ಅವರ ಮನಸ್ಸಿನಲ್ಲಿ ಇರುವುದು ಇಂಗ್ಲಿಷ್ ಒಂದೇ ಅಲ್ಲ, ತರಗತಿಗೊಬ್ಬರು ಟೀಚರ್ ಇದ್ದಾರೆ ಎಂಬ ಧೈರ್ಯ.

ಸೈಕಲ್ಲಿನ ಕಥೆ ನನ್ನನ್ನು ಹೆಚ್ಚು ನೋಯಿಸುತ್ತದೆ. ಹಳ್ಳಿಗಳ ಶಾಲೆ ಹೆಚ್ಚಾಗಿ ಏಳನೆಯದಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೋಬಳಿ ಕೇಂದ್ರಕ್ಕೋ ದೊಡ್ಡ ಊರಿಗೋ ಹೋಗಬೇಕು. ಆ ಏಳು-ಎಂಟರ ನಡುವಿನ ದಾರಿಯಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುತ್ತಿತ್ತು. 2006-07ರಲ್ಲಿ ಬಂದ ಉಚಿತ ಸೈಕಲ್ ಸರಿಯಾಗಿ ಆ ಜಾಗಕ್ಕೇ ಬಂತು. ಗುಣಮಟ್ಟದ ದೂರುಗಳಿದ್ದವು, ಚೈನು ಕಳಚುತ್ತಿತ್ತು, ಆದರೂ ನಾಲೆ ಏರಿಯ ಮೇಲೆ ಗುಂಪಾಗಿ ಸೈಕಲ್ ತುಳಿದು ಬರುವ ಹುಡುಗಿಯರು ಊರಿನ ಕಣ್ಣಿಗೆ ಮಾಮೂಲಾದರು. ಕೊರೊನಾ ಬಂತು, ಯೋಜನೆ ನಿಂತಿತು, ಶಾಲೆ ತೆರೆದ ಮೇಲೂ ವರ್ಷಗಟ್ಟಲೆ ಸೈಕಲ್ ಮರಳಲಿಲ್ಲ. ಈಗ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆಯಲ್ಲ ಎನ್ನುವವರಿದ್ದಾರೆ. ಟಿಕೆಟ್ಟು ಉಚಿತವಾದರೆ ಸಾಲದು, ಶಾಲೆಯ ಹೊತ್ತಿಗೆ ಬಸ್ಸೂ ಬರಬೇಕು. ಹುಡುಗರಿಗೆ ಆ ಉಚಿತವೂ ಇಲ್ಲ.

ಸಣ್ಣ ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳ ಜೊತೆ ಸೇರಿಸುವ ಮಾತು ಈಗ ನಡೆದಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ತರಗತಿಗೊಬ್ಬ ಶಿಕ್ಷಕರು, ಪ್ರಯೋಗಾಲಯ ಎಂಬುದು ಕೇಳಲು ಚೆಂದ, ಶಿಕ್ಷಕರ ಕೊರತೆಗೆ ಅದು ಉತ್ತರವೂ ಆಗಬಹುದು. ಆದರೆ ಎಂಟನೇ ತರಗತಿಯ ಮಕ್ಕಳಿಗೇ ದಾರಿ ತೋರಲಾಗದ ಇಲಾಖೆ ಆರು ವರ್ಷದ ಮಗುವನ್ನು ಪಕ್ಕದ ಊರಿಗೆ ಹೇಗೆ ತಲುಪಿಸುತ್ತದೆ ಎಂಬುದನ್ನು ಮೊದಲು ಹೇಳಬೇಕು. ಮಂಡ್ಯ ತಾಲ್ಲೂಕೊಂದನ್ನೇ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ವಲಯ ಮಾಡಿಕೊಂಡಿರುವ ಆಡಳಿತಕ್ಕೆ ಯಾವ ಊರಿನಿಂದ ಯಾವ ಶಾಲೆಗೆ ಎಷ್ಟು ದೂರ, ನಡುವೆ ನಾಲೆ ಇದೆಯೇ, ಹೆದ್ದಾರಿ ಇದೆಯೇ ಎಂದು ಪಟ್ಟಿ ಮಾಡುವುದು ಕಷ್ಟವಲ್ಲ. ಶಾಲೆಯ ವಾಹನ, ಅದರ ಚಾಲಕ, ಡೀಸೆಲ್ಲಿನ ಹಣ ಬಜೆಟ್ಟಿನಲ್ಲಿ ಬರೆದಿಟ್ಟ ಮೇಲೆ ವಿಲೀನದ ಮಾತಾಡಲಿ. ಅಲ್ಲಿಯವರೆಗೆ ಹತ್ತು ಮಕ್ಕಳ ಶಾಲೆಯಾದರೂ ಬಾಗಿಲು ತೆರೆದಿರಲಿ, ಮತ್ತು ಆ ಹತ್ತು ಮಕ್ಕಳ ಮೇಷ್ಟ್ರನ್ನು ಶಾಲೆಯ ಹೊತ್ತಿನಲ್ಲಿ ಯಾರೂ ಬೇರೆ ಕೆಲಸಕ್ಕೆ ಕರೆಯದಿರಲಿ.