‘ಕೋವ್’ ಎಂದು ಬರೆದಾಗ ಅಳಿಸಿಹೋಗುವುದು

ಸಂಶೋಧನಾ ಪ್ರಬಂಧದ ಒಂದು ಅಧ್ಯಾಯದಲ್ಲಿ ಐರ್ಲೆಂಡಿನ ಬಂದರು ಪಟ್ಟಣವೊಂದನ್ನು ‘ಕೋವ್’ ಎಂದು ಬರೆದು ಮುಂದೆ ಹೋಗಿದ್ದೆ. ತಿದ್ದಲು ಕೂತಾಗ ಎಡವಟ್ಟು ಗೊತ್ತಾಯಿತು. ಕಾರ್ಕ್ ಬಳಿಯ ಈ ಊರಿನ ಹೆಸರನ್ನು ಹಿಂದೆ ಇಂಗ್ಲಿಷರು ಸಿ-ಓ-ವಿ-ಇ ಎಂದು ಬರೆಯುತ್ತಿದ್ದರು. 1849ರಲ್ಲಿ ವಿಕ್ಟೋರಿಯಾ ರಾಣಿ ಬಂದುಹೋದ ನೆನಪಿಗೆ ಅದು ಕ್ವೀನ್ಸ್‌ಟೌನ್ ಆಯಿತು. 1920ರ ದಶಕದ ಆರಂಭದಲ್ಲಿ ಹಳೆಯ ಹೆಸರು ಮರಳಿತು, ಆದರೆ ಐರಿಷ್ ಕಾಗುಣಿತದಲ್ಲಿ: ಸಿ-ಓ-ಬಿ-ಎಚ್. ಐರಿಷಿನಲ್ಲಿ ಬಿ-ಎಚ್ ಸೇರಿದರೆ ‘ವ್’. ಉಚ್ಚಾರ ಮೊದಲಿನದೇ, ಐರಿಷಿನಲ್ಲಿ ಆ ಪದಕ್ಕೆ ಸ್ವಂತ ಅರ್ಥವೂ ಇಲ್ಲ. ರಾಜಕೀಯವೆಲ್ಲ ಇರುವುದು ಆ ಎರಡು ಅಕ್ಷರಗಳಲ್ಲಿ. ಕೇಳಿದಂತೆ ಬರೆಯುವ ನಮ್ಮ ಲಿಪಿ ಅದನ್ನೇ ಒರೆಸಿಹಾಕುತ್ತದೆ.

ಈ ಮುಜುಗರ ಹೊತ್ತು ಬ್ರಿಯಾನ್ ಫ್ರೀಲ್‌ನ ‘ಟ್ರಾನ್ಸ್‌ಲೇಷನ್ಸ್’ ನಾಟಕವನ್ನು ಮತ್ತೆ ಓದಿದೆ. 1980ರಲ್ಲಿ ಡೆರಿಯಲ್ಲಿ ಮೊದಲು ಆಡಿದ ನಾಟಕ ಇದು. ಆ ಊರನ್ನು ಡೆರಿ ಎನ್ನಬೇಕೋ ಲಂಡನ್‌ಡೆರಿ ಎನ್ನಬೇಕೋ ಎಂಬ ಜಗಳವೇ ಇನ್ನೂ ಮುಗಿದಿಲ್ಲ. ಕಥೆ ನಡೆಯುವುದು 1833ರಲ್ಲಿ. ಬ್ರಿಟಿಷ್ ಸೈನಿಕರು ಭೂಮಾಪನಕ್ಕೆ ಬಂದಿದ್ದಾರೆ. ಊರಿನವನೇ ಆದ ಓವೆನ್, ಲೆಫ್ಟಿನೆಂಟ್ ಯೊಲಾಂಡ್ ಜೊತೆ ಕೂತು ಊರು, ತೊರೆ, ಗುಡ್ಡಗಳ ಹೆಸರುಗಳನ್ನು ಇಂಗ್ಲಿಷಿಗೆ ಒಗ್ಗಿಸುತ್ತಾನೆ. ‘ಚಿಕ್ಕೂರು’ ಎಂಬರ್ಥದ ಐರಿಷ್ ಹೆಸರು ‘ಬ್ಯಾಲಿಬೆಗ್’ ಆಗುತ್ತದೆ. ಸದ್ದು ಉಳಿಯುತ್ತದೆ, ಊರಿನ ಅರ್ಥ ಹೋಗುತ್ತದೆ.

ಇದನ್ನು ಸಾಮಾನ್ಯವಾಗಿ ವಸಾಹತುಶಾಹಿ ಹೆಸರು ಕಿತ್ತುಕೊಂಡ ಕಥೆಯಾಗಿ ಪಾಠ ಮಾಡುತ್ತಾರೆ. ನಾನೂ ಎಂ.ಎ.ಯಲ್ಲಿ ಹಾಗೆಯೇ ಉತ್ತರ ಬರೆದು ಅಂಕ ಪಡೆದವಳು. ಆದರೆ ಇತಿಹಾಸ ಅಷ್ಟು ಸಲೀಸಲ್ಲ. ಅನೇಕ ಹೆಸರುಗಳು ಅದಕ್ಕೂ ಮೊದಲೇ ದಾಖಲೆಗಳಲ್ಲಿ ಇಂಗ್ಲಿಷ್ ವೇಷ ತೊಟ್ಟಿದ್ದವು. ಮಾಪನ ಇಲಾಖೆಗೆ ದುಡಿದ ಜಾನ್ ಓಡೊನೊವನ್ ಸ್ವತಃ ಐರಿಷ್ ವಿದ್ವಾಂಸ. ಹಳ್ಳಿಗರ ಬಾಯಿಂದ ಕೇಳಿ, ಹಳೆಯ ಬರಹಗಳನ್ನು ನೋಡಿ ಮೂಲರೂಪಗಳನ್ನೂ ಬರೆದಿಟ್ಟ. ಇಂದು ಮೂಲ ಹೆಸರು ಹುಡುಕುವವರಿಗೆ ಆ ಪುಸ್ತಕಗಳೇ ಆಧಾರ. ನಾಟಕದಲ್ಲಿ ಅಂಥವನಿಗೆ ಜಾಗವಿಲ್ಲ. ಇದನ್ನು ನಾನು ಕೊರತೆಯೆಂದೇ ಎಣಿಸುತ್ತೇನೆ.

ಆದರೂ ಫ್ರೀಲ್ ತನ್ನ ಓದುಗರಿಗಿಂತ ಜಾಣ. ಒಂದು ದೃಶ್ಯದಲ್ಲಿ ಬಾವಿಯ ಹೆಸರಿನ ಚರ್ಚೆ ಬರುತ್ತದೆ. ಬ್ರಿಯಾನ್ ಎಂಬವನು ಮುಳುಗಿ ಸತ್ತದ್ದರಿಂದ ಬಂದ ಹೆಸರು ಅದು. ಈಗ ಬಾವಿಯೂ ಬತ್ತಿದೆ, ಹೆಸರೂ ಸವೆದಿದೆ, ಕಥೆ ಓವೆನ್‌ನೊಬ್ಬನಿಗೇ ಗೊತ್ತು. ಇದನ್ನು ಉಳಿಸಬೇಕೇ ಎಂದು ಕೇಳುವವನು ಊರಿನ ಮಗ. ಉಳಿಸೋಣ ಎನ್ನುವವನು ಪರದೇಶದ ಸೈನಿಕ! ಹೆಸರು ಸಾಯಲು ಶತ್ರುವೇ ಬೇಕಿಲ್ಲ, ಮರೆವೂ ಸಾಕು.

ಹಾಗಾದರೆ ಊರಿನ ಹೆಸರು ಯಾರದು? 2005ರಲ್ಲಿ ಐರಿಷ್ ಸರ್ಕಾರ ‘ಡಿಂಗಲ್’ ಪಟ್ಟಣದ ಇಂಗ್ಲಿಷ್ ಹೆಸರಿನ ಅಧಿಕೃತ ಮಾನ್ಯತೆ ತೆಗೆದು ಐರಿಷ್ ಹೆಸರೊಂದನ್ನೇ ಉಳಿಸಿತು. ಮರುವರ್ಷ ಊರವರು ಮತ ಹಾಕಿ, ನಮಗೆ ಎರಡೂ ಬೇಕು ಎಂದರು. 2011ರಲ್ಲಿ ಕಾನೂನೇ ಬದಲಾಯಿತು. ನಾಟಕದ ಕೊನೆಗೆ ಮುದುಕ ಮೇಷ್ಟ್ರು ಹ್ಯೂ ಹೊಸ ಹೆಸರುಗಳನ್ನು ಕಲಿಯೋಣ, ಅವುಗಳೊಳಗೇ ಮನೆ ಮಾಡಿಕೊಳ್ಳೋಣ ಎನ್ನುವುದನ್ನು ನಾನು ಮೊದಲು ಸೋಲೆಂದು ಓದಿದ್ದೆ. ಡಿಂಗಲ್‌ನವರು ಆ ಓದನ್ನು ತಿದ್ದಿದರು.

ನನ್ನ ಅಧ್ಯಾಯದಲ್ಲಿ ‘ಕೋವ್’ ಹಾಗೆಯೇ ಇದೆ. ಜೊತೆಗೆ ಅದರ ಎರಡು ಕಾಗುಣಿತಗಳ ಕಥೆಯನ್ನೂ ಅರ್ಧ ಪುಟ ಬರೆದಿದ್ದೇನೆ. ಲಿಪಿ ನುಂಗಿದ್ದನ್ನು ವಾಕ್ಯವಾದರೂ ಹೇಳಬೇಕಲ್ಲ.