ಸಂದರ್ಶನವೋ, ಸಂವಾದವೋ?



ಲೇಖಕರ, ಗಾಯಕರ ಸಂದರ್ಶನಗಳು ಇಂದು ಹೇರಳವಾಗಿ ಅಚ್ಚಾಗುತ್ತಿವೆ. ಹುಟ್ಟಿದ ಊರು, ಪಟ್ಟ ಕಷ್ಟ, ಪಡೆದ ಪ್ರಶಸ್ತಿ ಇವಿಷ್ಟನ್ನು ಕೇಳಿ ಮುಗಿಸುವುದೇ ರೂಢಿ. ಇದು ಪರಿಚಯವಾದೀತು, ಸಂವಾದವಾಗದು.

ಸಂವಾದಕ್ಕೆ ಅಳತೆಗೋಲು ನಮ್ಮಲ್ಲಿಯೇ ಇದೆ. 15ನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ‘ಶೂನ್ಯಸಂಪಾದನೆ’ ಇಡಿಯಾಗಿ ಸಂವಾದರೂಪದ ಗ್ರಂಥ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸುವುದು ಅರಿವನ್ನು ಒರೆಗೆ ಹಚ್ಚಲು. ಪ್ರಶ್ನೆ ಕಠಿಣ, ಉತ್ತರಿಸುವವರ ಘನತೆ ಮಾತ್ರ ಅದರಿಂದ ಬೆಳಗುತ್ತದೆ.

ಕಾಗಿಣಾ ತೀರಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ, 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಶಾಸ್ತ್ರ ಓದದೆಯೂ ಕಾವ್ಯವನ್ನು ಬಲ್ಲ ಜನರನ್ನು ಕೊಂಡಾಡಿತು. ಅಂಥವರು ಇಂದಿಗೂ ಚಿಂಚೋಳಿ, ಚಿತ್ತಾಪುರಗಳ ಭಜನೆಗಳಲ್ಲಿ, ಶಹಾಬಾದದ ಕಲ್ಲುಗಣಿ, ವಾಡಿಯ ಸಿಮೆಂಟು ಕಾರ್ಖಾನೆಗಳ ದುಡಿಮೆಗಾರರ ನಡುವೆ ಇದ್ದಾರೆ. ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು.

ಅವರನ್ನು ಸನ್ಮಾನಿಸಿ ಕಳುಹಿಸಿದರೆ ಸಾಲದು. ಈ ಪದ ಯಾರಿಂದ ಬಂತು, ಈ ಧಾಟಿ ಏಕೆ, ಈ ಬೆಡಗಿಗೆ ನೀವು ಕಂಡ ಅರ್ಥವೇನು ಎಂದು ಕೇಳಬೇಕು. ಒಪ್ಪದಿದ್ದರೆ ವಿನಯದಿಂದ ವಾದಿಸಬೇಕು. ಹಿರಿಯ ಹಾಡುಗಾರರೊಬ್ಬರು ಲಿಂಗೈಕ್ಯರಾದರೆ ಪದ ಪುಸ್ತಕದಲ್ಲಿ ಉಳಿದೀತು; ಧಾಟಿಯೂ ಅನುಭಾವದ ಅರ್ಥವೂ ಅವರೊಡನೆಯೇ ಮಣ್ಣು ಸೇರುತ್ತವೆ.

ಮಠದ ನೆರಳಿನಲ್ಲಿ ಓದಿದವರೇ, ನಿಮ್ಮೂರ ಭಜನೆಯಲ್ಲಿ ಒಂದು ರಾತ್ರಿ ಕುಳಿತುಕೊಳ್ಳಿ. ಮೊದಲು ಆಲಿಸಿ, ಆಮೇಲೆ ಕೇಳಿ.